ಬ್ಯಾರೆ ಕಪ್ಪು, ಬ್ಯಾರೆ ಕಾಟು

ನಮ್ಮ ವಿಮರ್ಶಕರು ಕತೆ ಓದುತ್ತಾರೆ, ಕವಿತೆ ಓದುತ್ತಾರೆ, ಸರ್ಕಾರದ ಕರಾರುಪತ್ರ ಮಾತ್ರ ಓದುವುದಿಲ್ಲ. ಕೇರಿಯ ಹಣೆಬರಹ ಬರೆಯುವುದು ಈ ಕರಾರುಪತ್ರಗಳೇ. ಹಾಗಾಗಿ ಅಂಥದೊಂದು ಬರಹವನ್ನು ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿದ್ದೇನೆ.

2020ರ ಜನವರಿಯಲ್ಲಿ ನೀತಿ ಆಯೋಗ ಒಂದು ಮಾದರಿ ಕರಾರಿನ ಕರಡು ಹೊರಡಿಸಿತು. ಅದರ ಪ್ರಕಾರ ಖಾಸಗಿಯವರು ಮೆಡಿಕಲ್ ಕಾಲೇಜು ಕಟ್ಟುತ್ತಾರೆ. ಅದಕ್ಕೆ ಜೋಡಿಸಿದ ಜಿಲ್ಲಾ ಆಸ್ಪತ್ರೆಯನ್ನೂ ಅವರೇ ನಡೆಸುತ್ತಾರೆ. ಅವಧಿ 60 ವರ್ಷ. ಇವತ್ತು ಹುಟ್ಟಿದ ಕೂಸು ಮುದುಕಿಯಾಗುವ ತನಕ! ಆಸ್ಪತ್ರೆಯಲ್ಲಿ ಕನಿಷ್ಠ 750 ಹಾಸಿಗೆ. ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧ ‘ಮಾರುಕಟ್ಟೆ ಹಾಸಿಗೆ’, ಉಳಿದವು ‘ನಿಯಂತ್ರಿತ ಹಾಸಿಗೆ’. ಮೊದಲನೆಯದಕ್ಕೆ ಪೇಟೆಯ ದರ. ಆ ದುಡ್ಡಿನಿಂದ ಎರಡನೆಯದಕ್ಕೆ ರಿಯಾಯಿತಿ ಎಂಬುದು ಅವರ ಲೆಕ್ಕ.

ಈ ಎರಡು ಶಬ್ದಗಳನ್ನು ಮತ್ತೊಮ್ಮೆ ಓದಿರಿ. ರೋಗ ನೋಡಿ ವಾರ್ಡು ಬೇರೆ ಮಾಡುವುದು ನಮಗೆ ಗೊತ್ತು: ಬಾಣಂತಿಯರದೊಂದು, ಕ್ಷಯದವರದೊಂದು. ಇಲ್ಲಿ ರೋಗ ಒಂದೇ, ಕಾಟು ಎರಡು. ನಮ್ಮ ಹಿರಿಯರಿಗೆ ಇದು ಹೊಸದಲ್ಲ. ಚಾದಂಗಡಿಯಲ್ಲಿ ಪಾತೇಲಿ ಒಂದೇ ಇತ್ತು, ಚಾನೂ ಒಂದೇ. ಹೊರಗಿನ ಗೂಡಿನಲ್ಲಿಟ್ಟ ಕಪ್ಪು ಮಾತ್ರ ಬೇರೆ. ಕೇಳಿದರೆ ಅಂಗಡಿಯವನ ಉತ್ತರ ಸಿದ್ಧ: “ನಿಮಗೂ ಚಾ ಹಾಕ್ತೀನಲ್ಲೋ, ಇನ್ನೇನ್ ಬೇಕು?” ಅದು ಜಾತಿ, ಇದು ದುಡ್ಡು ಅಂತ ಕೆಲವರು ವಾದಿಸಬಹುದು. ಆದರೆ ದುಡ್ಡಿಲ್ಲದವರ ಸಾಲಿನಲ್ಲಿ ಮೊದಲು ಕಾಣುವವರು ಯಾರು? ಕೇರಿಯವರು, ತಾಂಡಾದವರು.

ವಿಜಯಪುರಕ್ಕೆ ಇದು ದೂರದ ಮಾತಲ್ಲ. ಇಲ್ಲಿ 1984ರಲ್ಲಿ ಅಲ್-ಅಮೀನ್, 1986ರಲ್ಲಿ ಬಿ.ಎಲ್.ಡಿ.ಇ. ಮೆಡಿಕಲ್ ಕಾಲೇಜುಗಳು ಬಂದವು. ಎರಡೂ ಖಾಸಗಿ. ಮೂರನೆಯದನ್ನು ಸರ್ಕಾರಿ-ಖಾಸಗಿ ಸಹಭಾಗಿತ್ವದಲ್ಲಿ ತರುವ ಮಾತು ಬಂದಾಗ, 2025ರ ಸೆಪ್ಟೆಂಬರಿನಲ್ಲಿ ಜನ ಧರಣಿ ಕೂತರು. ಕಾಲೇಜು ಬೇಕು, ಸರ್ಕಾರವೇ ಕಟ್ಟಬೇಕು, ಸರ್ಕಾರವೇ ನಡೆಸಬೇಕು ಅಂದರು. ಇಲ್ಲಿಗೆ ಬರಲಿದ್ದ ಕರಾರು ನೀತಿ ಆಯೋಗದ ಪಡಿಯಚ್ಚೇ ಆಗಿರುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಅಚ್ಚು ಎಂಥದು ಅಂತ ತಿಳಿದ ಜನ ಮುಂಚೆಯೇ ಎದ್ದು ನಿಂತದ್ದು ಸರಿಯಾಗಿಯೇ ಇತ್ತು.

ಒಂದು ಇತಿಹಾಸ ನೆನಪಿಸಬೇಕು. ಬಿಜಾಪುರ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲ. 1923ರಲ್ಲಿ ಎಸ್.ಕೆ. ಬೋಲೆಯವರು ಮುಂಬಯಿ ಶಾಸನಸಭೆಯಲ್ಲಿ ಒಂದು ಠರಾವು ತಂದರು. ಸಾರ್ವಜನಿಕ ಹಣದಲ್ಲಿ ನಡೆಯುವ ಕೆರೆ, ಬಾವಿ, ಧರ್ಮಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಎಂಬುದು ಅದರ ಸಾರ. ಆ ಪಟ್ಟಿಯಲ್ಲಿ ಶಾಲೆ, ಕೋರ್ಟುಗಳ ಜೊತೆಗೆ ದವಾಖಾನೆಯೂ ಇತ್ತು. ಕಾಗದದ ಮೇಲೆ ಸಿಕ್ಕ ನೀರನ್ನು ಬೊಗಸೆಗೆ ತರಲು ಬಾಬಾಸಾಹೇಬರು 1927ರಲ್ಲಿ ಮಹಾಡದ ಕೆರೆಗೆ ನಡೆಯಬೇಕಾಯಿತು. ಎಲ್ಲರ ಹಣದಿಂದ ಕಟ್ಟಿದ್ದು ಎಲ್ಲರದು ಎಂಬ ತತ್ವಕ್ಕೆ ಇಷ್ಟು ಬೆಲೆ ತೆತ್ತಿದ್ದೇವೆ. ಅರ್ಧ ಆಸ್ಪತ್ರೆಯನ್ನು ಪೇಟೆಗೆ ಬಿಡುವ ಶಬ್ದ ಆ ತತ್ವವನ್ನೇ ತಿನ್ನುತ್ತದೆ.

ಎದುರಿನವರ ಮಾತನ್ನೂ ಕೇಳೋಣ. ಸರ್ಕಾರದ ಹತ್ತಿರ ರೊಕ್ಕ ಇಲ್ಲ ಎನ್ನುತ್ತಾರೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರೊಳಗೆ ದೇಶದ ಉತ್ಪನ್ನದ ಶೇ. 2.5ರಷ್ಟನ್ನು ಸರ್ಕಾರಗಳು ಆರೋಗ್ಯಕ್ಕೆ ಖರ್ಚು ಮಾಡಬೇಕು ಎಂದು ಬರೆದುಕೊಂಡಿತ್ತು. ಆ ಗುರಿ ಮುಟ್ಟಲಿಲ್ಲ. ತಾನೇ ಬರೆದ ಮಾತು ಉಳಿಸಿಕೊಳ್ಳದವರು ರೊಕ್ಕ ಇಲ್ಲ ಅಂದರೆ ಹ್ಯಾಂಗ ನಂಬೋದು? ಸರ್ಕಾರಿ ದವಾಖಾನೆ ಚಂದ ನಡೆಯೋದಿಲ್ಲ ಎನ್ನುತ್ತಾರೆ. ಇದು ನಿಜ. “ಈ ಗುಳಿಗಿ ಹೊರಗ ತಗೋರಿ” ಅಂತ ಚೀಟಿ ಬರೆಯುವುದನ್ನು ನಾವೆಲ್ಲ ಕಂಡವರೇ. ಆದರೆ ಮನೆ ಸೋರಿದರೆ ಹಂಚು ಹೊದಿಸಬೇಕು, ಅರ್ಧ ಮನೆ ಲೀಸಿಗೆ ಹಾಕುತ್ತಾರೇನು?

ಇನ್ನು ಕಾರ್ಡು. 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಅದರಿಂದ ಜೀವ ಉಳಿದವರಿದ್ದಾರೆ, ಅಲ್ಲಗಳೆಯಲಾರೆ. ಆದರೆ ತಿಕೋಟಾದ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡುವವಳ ಜ್ವರಕ್ಕೆ, ಅವಳ ಅತ್ತೆಯ ಬಿಪಿ ಗುಳಿಗೆಗೆ, ತಪ್ಪಿದ ಪಗಾರಕ್ಕೆ ಆ ಕಾರ್ಡು ಮಾತಾಡುವುದಿಲ್ಲ. ಅಡ್ಮಿಟ್ ಆಗುವಷ್ಟು ಕೆಟ್ಟ ಮೇಲೇ ಬಡವಳ ಮೈಗೆ ಬೆಲೆ ಬರುತ್ತದೆ.

ನಮ್ಮ ಹೋರಾಟಕ್ಕೂ ಒಂದು ಮಾತು. ಧರಣಿಯ ಕೂಗು ವಿಜಯಪುರದ ಸರ್ಕಲ್ಲಿನಲ್ಲೇ ನಿಲ್ಲಬಾರದು. ತಿಕೋಟಾ, ಬಬಲೇಶ್ವರ ತಾಲ್ಲೂಕು ಆದವು, ಬೋರ್ಡು ಬದಲಾಯಿತು. ಬಯಲುಸೀಮೆಯಲ್ಲಿ 30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನಕ್ಕೊಂದು ಉಪಕೇಂದ್ರ ಇರಬೇಕೆಂಬುದು ಸರ್ಕಾರದ್ದೇ ಅಳತೆ. ರಾತ್ರಿ ಹೆರಿಗೆ ಬ್ಯಾನಿ ಬಂದರೆ ಅಲ್ಲಿ ಬಾಗಿಲು ತೆರೆಯುವವರು ಯಾರು? ನಾಡಿನ ಮೆಡಿಕಲ್ ಕಾಲೇಜು ಆ ಬಾಗಿಲಿಗೆ ಡಾಕ್ಟರನನ್ನು ಕಳಿಸದಿದ್ದರೆ ಅದು ಸರ್ಕಾರದ್ದಾದರೂ ನಮ್ಮದಾಗುವುದಿಲ್ಲ.

ಮಾಸ್ತರರೆ, ವಿದ್ಯಾರ್ಥಿ ಗೆಳೆಯರೆ, ಇಂಥ ಕರಾರು ಯಾವ ಹೆಸರಿನಲ್ಲಿ ಬಂದರೂ ಕನ್ನಡದಲ್ಲಿ ಕೇಳಿರಿ. ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿರಿ. ಓದುತ್ತಿದ್ದಂತೆ ಕೇರಿಯ ಮುದುಕಿಯೊಬ್ಬಳು ಎದ್ದು, “ಎಪ್ಪಾ, ಇದರಾಗ ನನ್ನ ಕಾಟು ಯಾವ್ದೋ?” ಅಂತ ಕೇಳುತ್ತಾಳೆ. ಆ ಪ್ರಶ್ನೆಗೆ ಉತ್ತರ ಬರುವ ತನಕ ಯಾರೂ ಸಹಿ ಹಾಕಬಾರದು.