ಒಂದರ ಕೆಳಗಿನ ಕರ್ನಾಟಕ

ಬೆಳಗಾವಿ ಅಧಿವೇಶನದಲ್ಲಿ ಉತ್ತರ ಕರ್ನಾಟಕದ ಚರ್ಚೆ ಶುರುವಾಯಿತೆಂದರೆ ಆಡಳಿತ ಪಕ್ಷದವರೂ ವಿರೋಧ ಪಕ್ಷದವರೂ ನಂಜುಂಡಪ್ಪ ವರದಿಯ ಹೆಸರೆತ್ತದೆ ಕೂರುವುದಿಲ್ಲ. ಒಬ್ಬರು ಜಾರಿ ಮಾಡಿದ್ದೇವೆ ಅನ್ನುತ್ತಾರೆ, ಇನ್ನೊಬ್ಬರು ಮಾಡಿಲ್ಲ ಅನ್ನುತ್ತಾರೆ. ವರದಿಯೇ ಸರಿಯಿದೆಯೇ ಎಂದು ಕೇಳುವವರು ಮಾತ್ರ ಇಲ್ಲ. ಎಲ್ಲ ಪಕ್ಷಗಳಿಗೂ ಇಷ್ಟು ಹಿತವಾಗಿರುವ ವರದಿ ಯಾರನ್ನೂ ನೋಯಿಸಿರಲಾರದು ಎಂಬುದೇ ನನ್ನ ಅನುಮಾನದ ಮೂಲ.

ಪ್ರಾದೇಶಿಕ ಅಸಮಾನತೆ ಅಳೆಯಲು 2000ದಲ್ಲಿ ಅರ್ಥಶಾಸ್ತ್ರಜ್ಞ ನಂಜುಂಡಪ್ಪನವರ ಸಮಿತಿ, 2002ರಲ್ಲಿ ವರದಿ, ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆ: ಇದೆಲ್ಲ ಗೊತ್ತಿರುವುದೇ. ತಾಲ್ಲೂಕು ಮಟ್ಟಕ್ಕಿಳಿದು ಅಂಕಿಅಂಶ ಕೂಡಿಹಾಕಿದ ಶ್ರಮ ದೊಡ್ಡದು, ಒಪ್ಪೋಣ. ತಕರಾರಿರುವುದು ಅದರ ಬೆನ್ನೆಲುಬಾದ ಸೂಚ್ಯಂಕದ ಬಗ್ಗೆ.

ಕೃಷಿ, ಕೈಗಾರಿಕೆ, ಮೂಲಸೌಕರ್ಯ, ಶಿಕ್ಷಣ, ಆರೋಗ್ಯ ಎಂದು ಒಟ್ಟು 35 ಸೂಚಕಗಳು. ಪ್ರತಿ ತಾಲ್ಲೂಕಿನ ಅಂಕಿಯನ್ನು ರಾಜ್ಯದ ಸರಾಸರಿಯ ಪಕ್ಕ ಇಟ್ಟು ತೂಗಲಾಗುತ್ತದೆ. ಸರಾಸರಿ ಎಂದರೆ 1. ಅದರ ಮೇಲಿದ್ದರೆ ಮುಂದುವರಿದ ತಾಲ್ಲೂಕು. 0.89ರಿಂದ 0.99ರವರೆಗೆ ಹಿಂದುಳಿದದ್ದು, 0.80ರಿಂದ 0.88 ಅತಿ ಹಿಂದುಳಿದದ್ದು, ಅದಕ್ಕೂ ಕೆಳಗೆ ಅತ್ಯಂತ ಹಿಂದುಳಿದದ್ದು. ನೋಡಲು ಅಚ್ಚುಕಟ್ಟು. ಆದರೆ ಈ 1 ಬಂದದ್ದಾದರೂ ಎಲ್ಲಿಂದ? ಬೆಂಗಳೂರನ್ನೂ ಒಳಗಿಟ್ಟುಕೊಂಡ ಸರಾಸರಿಯಿಂದ. ನಾಲ್ಕಾರು ಎತ್ತರದವರು ಸಾಲಿನಲ್ಲಿ ನಿಂತರೆ ಸರಾಸರಿ ಮೇಲೇರುತ್ತದೆ, ಉಳಿದವರೆಲ್ಲ ಕುಳ್ಳರಾಗುತ್ತಾರೆ. 175 ತಾಲ್ಲೂಕುಗಳಲ್ಲಿ 114 ಹಿಂದುಳಿದವಾದದ್ದು ಹೀಗೆ. ಬೆಂಗಳೂರು ಇನ್ನಷ್ಟು ಬೆಳೆದರೆ, ಇದ್ದಲ್ಲೇ ಸುಧಾರಿಸಿದ ತಾಲ್ಲೂಕೂ ಈ ಅಳತೆಯಲ್ಲಿ ಕೆಳಗಿಳಿಯಬಹುದು.

ಇನ್ನೊಂದು ಫಲ ರಾಜಕೀಯದ್ದು. ಆ 114ರಲ್ಲಿ ಉತ್ತರಕ್ಕೆ 59, ದಕ್ಷಿಣಕ್ಕೆ 55. ಹೆಚ್ಚುಕಡಿಮೆ ಅರ್ಧರ್ಧ! ಪ್ರಾದೇಶಿಕ ಅಸಮಾನತೆಯನ್ನು ಅಳೆಯಲು ಹೊರಟ ಸಮಿತಿ, ಎಲ್ಲ ಪ್ರದೇಶದ ಶಾಸಕರೂ ‘ನಮ್ಮದೂ ಇದೆ’ ಎಂದು ಕೈಯೆತ್ತಬಹುದಾದ ಪಟ್ಟಿ ಕೊಟ್ಟಿತು. ವಿಶೇಷ ಯೋಜನೆಯ ಹಣ ಉತ್ತರಕ್ಕೆ ಶೇ 60, ದಕ್ಷಿಣಕ್ಕೆ ಶೇ 40. ಅಸಮಾನತೆಯ ನಿಜವಾದ ಮುಖ ಕಾಣುವುದು ಕೊನೆಯ ವರ್ಗದಲ್ಲಿ: ಅತ್ಯಂತ ಹಿಂದುಳಿದ 39ರಲ್ಲಿ 21 ಕಲಬುರಗಿ ವಿಭಾಗವೊಂದರವೇ. ವರದಿಗೆ ಇದು ಗೊತ್ತಿತ್ತು, ಕೊರತೆ ಹೆಚ್ಚಿದ್ದಲ್ಲಿ ಹಣ ಹೆಚ್ಚು ಹೋಗಬೇಕೆಂದೂ ಅದು ಹೇಳಿದೆ. ಆದರೆ ಜನರ ಬಾಯಲ್ಲಿ ಉಳಿದದ್ದು 39 ಅಲ್ಲ, 114.

ಆ 39ರ ಒಳಗೂ ನೋಡಿ. ಅಲ್ಲಿ ರಾಯಚೂರು ಜಿಲ್ಲೆಯ ದೇವದುರ್ಗವಿದೆ, ಕನಕಪುರವೂ ಇದೆ. ಒಂದು ರಾಜಧಾನಿಯಿಂದ ರಾತ್ರಿಯಿಡೀ ಬಸ್ಸಿನ ದೂರ, ಇನ್ನೊಂದು ಬೆಳಿಗ್ಗೆ ಹೊರಟು ವಿಧಾನಸೌಧದ ಕೆಲಸ ಮುಗಿಸಿ ಮಧ್ಯಾಹ್ನದ ಊಟಕ್ಕೆ ಮರಳುವಷ್ಟು ಹತ್ತಿರ. 1983ರಲ್ಲಿ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆ ವಿಧಾನಸಭೆಗೆ ಬಂದದ್ದು ಕನಕಪುರದಿಂದ. 2002ರಲ್ಲಿ ದೇವೇಗೌಡರನ್ನು ಲೋಕಸಭೆಗೆ ಕಳಿಸಿದ್ದೂ ಕನಕಪುರವೇ. 2023ರಲ್ಲಿ ಅಲ್ಲಿನ ಶಾಸಕರು ಉಪಮುಖ್ಯಮಂತ್ರಿಯಾದರು. ಅಷ್ಟಿದ್ದೂ ಹಿಂದುಳಿಯಿತಲ್ಲ, ಪ್ರಾತಿನಿಧ್ಯದಿಂದ ಏನು ಬಂತು ಎಂದು ಕೇಳುವವರುಂಟು. ಆದರೆ 2019ರಲ್ಲಿ ಕನಕಪುರದ ವೈದ್ಯಕೀಯ ಕಾಲೇಜು ಚಿಕ್ಕಬಳ್ಳಾಪುರಕ್ಕೆ ಹೋದಾಗ ರಾಜ್ಯವಿಡೀ ಅದೇ ಸುದ್ದಿ. ಸಿಕ್ಕಿದ್ದು ಕೈತಪ್ಪಿದರೆ ಗದ್ದಲವೆಬ್ಬಿಸುವ ತಾಕತ್ತೂ ಒಂದು ಆಸ್ತಿಯೇ. 35 ಸೂಚಕಗಳಲ್ಲಿ ಅದಕ್ಕೆ ಕಾಲಂ ಇಲ್ಲ. ಆ ತಾಕತ್ತಿಲ್ಲದ ರಾಯಚೂರಿಗೆ ಐಐಟಿ ಕೊಡಿ ಎಂದು ಇದೇ ವರದಿ ಹೇಳಿತ್ತು. ಐಐಟಿ ಬಂದದ್ದು ಧಾರವಾಡಕ್ಕೆ. ಉತ್ತರದೊಳಗೂ ಒಂದು ಉತ್ತರವಿದೆ ಎಂಬುದು ಆಗ ಗೊತ್ತಾಯಿತು. ರಾಯಚೂರಿನವರು 2022ರಲ್ಲಿ ಏಮ್ಸ್‌ಗಾಗಿ ಧರಣಿ ಕೂತರು.

‘ವರದಿ ಚೆನ್ನಾಗಿದೆ, ಜಾರಿ ಕೆಟ್ಟಿದೆ’ ಎನ್ನುವ ವಿಮರ್ಶಕರ ಜೊತೆ ನನಗೆ ಜಗಳವಿರುವುದು ಇಲ್ಲೇ. ಜಾರಿ ಮಾಡಿಸುವ ಬಲ ಯಾರಿಗಿದೆ ಎಂದು ಕೇಳದ ವರದಿಯ ಜಾರಿ ಕೆಡದೆ ಇನ್ನೇನಾದೀತು? ಬೆಂಗಳೂರಿನ ಅಂಕಣಕಾರರದು ಇನ್ನೊಂದು ವರಸೆ: ಬಿ.ಡಿ. ಜತ್ತಿ, ವೀರೇಂದ್ರ ಪಾಟೀಲ, ಎಸ್.ಆರ್. ಬೊಮ್ಮಾಯಿ, ಧರ್ಮಸಿಂಗ್, ಶೆಟ್ಟರ್, ಬಸವರಾಜ ಬೊಮ್ಮಾಯಿ, ಇಷ್ಟು ಮುಖ್ಯಮಂತ್ರಿಗಳನ್ನು ಕೊಟ್ಟ ಉತ್ತರ ಕರ್ನಾಟಕಕ್ಕೆ ಇನ್ನೇನು ಕೊರತೆ ಎಂದು. ಕುರ್ಚಿಯಲ್ಲಿ ಕೂತವರ ಪಟ್ಟಿ ಓದುವವರು ಅವರು ಎಷ್ಟು ದಿನ ಕೂತರು, ಯಾರ ಬೆಂಬಲದಿಂದ ಕೂತರು ಎಂಬುದನ್ನು ಓದುವುದಿಲ್ಲ. ಧರ್ಮಸಿಂಗ್ ಸರ್ಕಾರ 2004ರಿಂದ 2006ರವರೆಗೆ ನಡೆದದ್ದು ಯಾರ ಹಂಗಿನಲ್ಲಿ ಎಂಬುದನ್ನು ಇವರಿಗೆ ನೆನಪಿಸಬೇಕೆ?

ಎಣಿಸಬೇಕಾದ್ದು ಸೀಟುಗಳನ್ನು. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಸ್ಥಾನ 16ರಿಂದ 28ಕ್ಕೆ ಏರಿತು, ಸದನದ ಒಟ್ಟು 224 ಹಾಗೇ ಉಳಿಯಿತು. ಕೊಡಗಿನ ಮೂರು ಎರಡಾದವು. ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ ನಾಲ್ಕೂ ಜಿಲ್ಲೆ ಸೇರಿದರೆ ಇಂದು 25. ಜನಸಂಖ್ಯೆಗೆ ತಕ್ಕ ಸೀಟು, ಇದರಲ್ಲಿ ಅನ್ಯಾಯವೇನು ಎನ್ನಬಹುದು. ಆದರೆ ದೇವದುರ್ಗದಿಂದ ಗುಳೆ ಹೋಗಿ ಬೆಂಗಳೂರಿನ ಶೆಡ್ಡಿನಲ್ಲಿರುವ ಸಂಸಾರದ ಮತದಾರರ ಚೀಟಿ ಊರಲ್ಲೇ ಇರುತ್ತದೆ. ಚುನಾವಣೆ ಬಂದಾಗ ಆ ಸಂಸಾರ ಬಸ್ಸು ಹತ್ತಿ ಊರಿಗೆ ಹೋಗುತ್ತದೆ. ಜನಗಣತಿಯವರು ಶೆಡ್ಡಿನಲ್ಲೇ ಅವರನ್ನು ಎಣಿಸಿಕೊಂಡರೆ ತಲೆ ಬೆಂಗಳೂರಿನ ಲೆಕ್ಕಕ್ಕೆ, ಓಟು ದೇವದುರ್ಗಕ್ಕೆ. ಊರಿನ ಬಡತನವೇ ರಾಜಧಾನಿಗೆ ಸೀಟು ಹೆಚ್ಚಿಸಿಕೊಡುವ ಈ ಕ್ರಮ ಯಾವ ಸೂಚ್ಯಂಕಕ್ಕೂ ಸಿಗದು.

ಕಲಬುರಗಿ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದದ್ದೂ ಸೂಚ್ಯಂಕದಿಂದಲ್ಲ, ವೈಜನಾಥ ಪಾಟೀಲರಂಥವರ ದಶಕಗಳ ಹೋರಾಟದಿಂದ. ಆದರೂ 2024ರಲ್ಲಿ ಎಂ. ಗೋವಿಂದ ರಾವ್ ನೇತೃತ್ವದಲ್ಲಿ ಪ್ರಾದೇಶಿಕ ಅಸಮಾನತೆಗೆ ಮತ್ತೊಂದು ಸಮಿತಿಯಾಯಿತು, ಅಧ್ಯಕ್ಷರು ಮತ್ತೆ ಅರ್ಥಶಾಸ್ತ್ರಜ್ಞರೇ. ಈ ನಡುವೆ ಲೋಕಸಭಾ ಕ್ಷೇತ್ರಗಳ ಮರುವಿಂಗಡಣೆಯ ಮಾತೆದ್ದಾಗ, ಬರೀ ತಲೆ ಎಣಿಸಿ ಸೀಟು ಹಂಚಬೇಡಿ ಎಂದು ನಮ್ಮ ನಾಯಕರು ದಿಲ್ಲಿಗೆ ಕೇಳುವಂತೆ ಕೂಗಿದರು. ಅದೇ ವಾದವನ್ನು ರಾಯಚೂರಿನ ಪರವಾಗಿ ಬೆಂಗಳೂರಿನ ಮುಂದೆ ಇಟ್ಟವರು ಅವರಲ್ಲಿ ನನಗೆ ಕಂಡಿಲ್ಲ.