ಎರಡು ವಾರದ ಸೇವೆಯ ಜಮಾ-ಖರ್ಚು

ಪರಸ್ಥಳದಲ್ಲಿ ಬದುಕುವುದರ ಬಗ್ಗೆ ಬರೆದ ಪುಸ್ತಕದಲ್ಲಿ ಅಮೆರಿಕದ ಚರ್ಚುಗಳ ಸೇವಾಯಾತ್ರೆಯ ಮಾತೇಕೆ ಎಂದು ಊರಲ್ಲಿರುವ ಓದುಗರು ಕೇಳಬಹುದು. ಪರಸ್ಥಳಕ್ಕೆ ಹೋಗುವವರಲ್ಲಿ ಎರಡು ಬಗೆ. ಹೊಟ್ಟೆಪಾಡಿಗೆ ಹೋಗುವವರು ಒಂದು ಬಗೆ. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿದ ನಾವೆಲ್ಲ ಅದೇ ಪೈಕಿ. ಅಲ್ಲಿಯವರಿಗೆ ಉಪಕಾರ ಮಾಡಿ ಬರುತ್ತೇವೆ ಅಂತ ಹೋಗುವವರು ಇನ್ನೊಂದು ಬಗೆ. ನಮ್ಮ ಬಗೆಯವರ ಸುಖದುಃಖ ಈಗಾಗಲೇ ಬೇಕಾದಷ್ಟು ಅಚ್ಚಾಗಿದೆ. ಎರಡನೆಯವರ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಒಂದು ಭಾಷಣ, ಒಂದು ಅಧ್ಯಯನ, ಒಂದು ಪುಸ್ತಕ ಇವಿಷ್ಟನ್ನು ಇಲ್ಲಿ ಒರೆಗೆ ಹಚ್ಚಿ ನೋಡುವ ಆಸೆ. ಕೊನೆಗೆ ವಿಷಯ ನಮ್ಮ ಬಾಗಿಲಿಗೂ ಬಂದೇ ಬರುತ್ತದೆ.

ಮೊದಲು ಈ ಯಾತ್ರೆ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಇದಕ್ಕೆ 'ಶಾರ್ಟ್ ಟರ್ಮ್ ಮಿಷನ್' ಎಂದು ಹೆಸರು. ಒಂದು ಚರ್ಚಿನ ಹತ್ತಿಪ್ಪತ್ತು ಜನ, ಹೆಚ್ಚಾಗಿ ಹರೆಯದವರು, ಬೇಸಿಗೆ ರಜೆಯಲ್ಲಿ ಒಂದೆರಡು ವಾರ ಮೆಕ್ಸಿಕೋ, ಹೊಂಡುರಾಸ್, ಗ್ವಾಟೆಮಾಲಾ, ಹೈಟಿಯಂಥ ದೇಶಗಳಿಗೆ ಹೋಗುತ್ತಾರೆ. ಬಡ ಕುಟುಂಬಕ್ಕೆ ಮನೆ ಕಟ್ಟುವುದು, ಶಾಲೆಗೆ ಬಣ್ಣ ಬಳಿಯುವುದು, ವೈದ್ಯಕೀಯ ಶಿಬಿರ ನಡೆಸುವುದು, ಮಕ್ಕಳನ್ನು ಕೂಡಿಸಿ ಬೈಬಲ್ ಕಥೆ ಹೇಳುವುದು ಇವೆಲ್ಲ ಕಾರ್ಯಕ್ರಮ. ಖರ್ಚಿಗೆ ನೆಂಟರಿಷ್ಟರಿಗೆ ಪತ್ರ ಬರೆದು, ಕಾರು ತೊಳೆದು, ಕೇಕು ಮಾರಿ ದುಡ್ಡು ಎತ್ತುತ್ತಾರೆ. ವಾಪಸು ಬಂದಮೇಲೆ ಚರ್ಚಿನಲ್ಲಿ ಫೋಟೋ ತೋರಿಸಿ ಅನುಭವ ಹೇಳುತ್ತಾರೆ. ಇದು ಎಲ್ಲೋ ಒಂದು ಕಡೆ ನಡೆಯುವ ಸಂಗತಿಯಲ್ಲ. ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್ನೋ 2005ರ ಸಮೀಕ್ಷೆಯಿಂದ ಹಾಕಿದ ಅಂದಾಜಿನಂತೆ ವರ್ಷಕ್ಕೆ ಸುಮಾರು 16 ಲಕ್ಷ ಅಮೆರಿಕನ್ನರು ಹೀಗೆ ಹೊರದೇಶಕ್ಕೆ ಹೋಗಿಬರುತ್ತಿದ್ದರು.

ಈ ಉತ್ಸಾಹಕ್ಕೆ ಮೊದಲು ತಣ್ಣೀರೆರಚಿದವರು ಒಬ್ಬ ಪಾದ್ರಿಯೇ. ಇವಾನ್ ಇಲಿಚ್ ಹುಟ್ಟಿದ್ದು 1926ರಲ್ಲಿ, ವಿಯೆನ್ನಾದಲ್ಲಿ. ನ್ಯೂಯಾರ್ಕಿನಲ್ಲಿ ಪೋರ್ಟೋ ರಿಕೋದಿಂದ ವಲಸೆ ಬಂದ ಬಡವರ ನಡುವೆ ಪಾದ್ರಿಯಾಗಿದ್ದು, ಆಮೇಲೆ ಪೋರ್ಟೋ ರಿಕೋದಲ್ಲೇ ವಿಶ್ವವಿದ್ಯಾಲಯವೊಂದರ ಆಡಳಿತ ನೋಡಿ, 1961ರಲ್ಲಿ ಮೆಕ್ಸಿಕೋದ ಕ್ವೆರ್ನವಾಕಾದಲ್ಲಿ ಒಂದು ಕೇಂದ್ರ ತೆರೆದರು. ಲ್ಯಾಟಿನ್ ಅಮೆರಿಕಕ್ಕೆ ಸೇವೆಗೆ ಬರುವವರಿಗೆ ಮೊದಲು ಸ್ಪ್ಯಾನಿಷ್ ಕಲಿಸುವುದು ಅಲ್ಲಿನ ಮುಖ್ಯ ಕೆಲಸ. ನಮ್ಮಲ್ಲಿ ಅವರ ಹೆಸರು ಗೊತ್ತಿರುವುದು 1971ರ 'ಡಿಸ್ಕೂಲಿಂಗ್ ಸೊಸೈಟಿ' ಪುಸ್ತಕದಿಂದ. ಅದಕ್ಕೂ ಮೂರು ವರ್ಷ ಮುಂಚೆ, 1968ರ ಏಪ್ರಿಲ್ 20ರಂದು, ಮೆಕ್ಸಿಕೋದ ಹಳ್ಳಿಗಳಿಗೆ ಬೇಸಿಗೆ ಸೇವೆಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳೆದುರು ಅವರು ಒಂದು ಭಾಷಣ ಮಾಡಿದರು. ಅದರ ಹೆಸರೇ 'ಟು ಹೆಲ್ ವಿತ್ ಗುಡ್ ಇಂಟೆನ್ಶನ್ಸ್'. ನಿಮ್ಮ ಸದುದ್ದೇಶ ಹಾಳಾಗಿ ಹೋಗಲಿ ಎಂದಂತೆ.

ಕರೆದವರ ಸಭೆಯಲ್ಲೇ ನಿಂತು ನೀವು ಹೋಗಬೇಡಿ ಅನ್ನುವ ಧೈರ್ಯ ಎಷ್ಟು ಜನಕ್ಕಿದೆ? ಅವರ ವಾದವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ. ನಿಮಗೆ ಅಲ್ಲಿಯ ಭಾಷೆ ಬರುವುದಿಲ್ಲ. ಹಾಗಾಗಿ ನಿಮ್ಮಂತೆಯೇ ಓದಿ ಬೆಳೆದ ನಾಲ್ಕು ಜನರ ಜೊತೆ ಮಾತಾಡಬಲ್ಲಿರಿ, ಬಡವನ ಜೊತೆ ಅಲ್ಲ. ಗೊತ್ತಿದ್ದೋ ಗೊತ್ತಿಲ್ಲದೆಯೋ ನಿಮ್ಮ ದೇಶದ ಮಧ್ಯಮವರ್ಗದ ಬದುಕನ್ನು ಮಾರಲು ಹೊರಟಿದ್ದೀರಿ, ಯಾಕೆಂದರೆ ನಿಮ್ಮ ಬಳಿ ಬೇರೆ ಸರಕಿಲ್ಲ. ಸೇವೆಯ ಆಸೆ ನಿಜವಾಗಿದ್ದರೆ ನಿಮ್ಮೂರಿನ ಬಡವರ ನಡುವೆ ಮಾಡಿ. ಅಲ್ಲಿ ಬೇಡವಾದರೆ ಬೇಡ ಅಂತ ಮುಖಕ್ಕೇ ಹೇಳುತ್ತಾರೆ, ಅದು ನಿಮಗೆ ಅರ್ಥವಾಗುತ್ತದೆ. ಮೆಕ್ಸಿಕೋಗೆ ಬರುವುದಾದರೆ ನೋಡುವುದಕ್ಕೆ, ಕಲಿಯುವುದಕ್ಕೆ ಬನ್ನಿ. ಉದ್ಧಾರ ಮಾಡುವುದಕ್ಕೆ ಬೇಡ.

ಭಾಷೆಯ ವಿಷಯದಲ್ಲಿ ಇಲಿಚ್ ಹೇಳಿದ್ದು ನೂರಕ್ಕೆ ನೂರು ನಿಜ. ಇದನ್ನು ಹೊರನಾಡ ಕನ್ನಡಿಗನಿಗೆ ಯಾರೂ ವಿವರಿಸಬೇಕಾಗಿಲ್ಲ. ಬ್ಯಾಂಕಿನ ಕೆಲಸದಲ್ಲಿ ಮಹಾರಾಷ್ಟ್ರದ ಹಳ್ಳಿ ಶಾಖೆಗೆ ವರ್ಗವಾದವನು ಮರಾಠಿ ಕಲಿಯುವ ತನಕ ಕೌಂಟರಿನ ಆಚೆಗಿರುವ ರೈತ ಅವನಿಗೆ ಬರೀ ಒಂದು ಹೆಬ್ಬೆಟ್ಟು. ಮಾತು ಬಂದಮೇಲೆ ತಾನೇ ಆ ರೈತನ ಬಾವಿ, ಮಗಳ ಮದುವೆ, ಭಾವನ ಜೊತೆಗಿನ ವ್ಯಾಜ್ಯ ಎಲ್ಲ ಹೊರಗೆ ಬರುವುದು? ಸಾಲ ಯಾಕೆ ಕಟ್ಟಲಿಲ್ಲ ಅನ್ನುವುದು ಗೊತ್ತಾಗುವುದೂ ಆಗಲೇ. ಎರಡು ವಾರದಲ್ಲಿ ಇದು ಆಗುವ ಮಾತಲ್ಲ.

ಆದರೆ ಭಾಷಣದಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ಹಳ್ಳಿಯವರ ಪರವಾಗಿ ಇಷ್ಟು ಗಟ್ಟಿಯಾಗಿ ಮಾತಾಡುವ ಇಲಿಚ್, ಹಳ್ಳಿಯವರ ಒಂದು ಮಾತನ್ನೂ ನಮಗೆ ಕೇಳಿಸುವುದಿಲ್ಲ. ವಿದ್ಯಾರ್ಥಿಗಳು ಬಂದದ್ದರಿಂದ ಆ ಮನೆಯ ಹೆಂಗಸಿಗೆ ಏನನ್ನಿಸಿತು? ಗೊತ್ತಿಲ್ಲ. ಅವಳಿಗೆ ಏನು ಬೇಕು ಅಂತ ವಿದ್ಯಾರ್ಥಿಗಳು ತೀರ್ಮಾನಿಸಿದ್ದರು; ಏನು ಬೇಡ ಅಂತ ಇಲಿಚ್ ತೀರ್ಮಾನಿಸಿದರು.

ಅವಳನ್ನು ಕೇಳುವ ಕೆಲಸ ಮಾಡಿದ್ದು ಕರ್ಟ್ ವೆರ್ ಬೀಕ್. ಇವರೂ ಚರ್ಚಿನ ಒಳಗಿನವರೇ, ಕ್ರೈಸ್ತ ಕಾಲೇಜೊಂದರ ಸಮಾಜಶಾಸ್ತ್ರದ ಅಧ್ಯಾಪಕರು, ಹೊಂಡುರಾಸ್‌ನಲ್ಲಿ ಬಹಳ ವರ್ಷ ನೆಲೆಸಿದವರು. 1998ರ ಕೊನೆಯಲ್ಲಿ ಮಿಚ್ ಚಂಡಮಾರುತ ಮಧ್ಯ ಅಮೆರಿಕಕ್ಕೆ ಬಡಿದು ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಮನೆ ಕಳೆದುಕೊಂಡವರಿಗೆ ಮನೆ ಕಟ್ಟಿಕೊಡಲು ಅಮೆರಿಕ, ಕೆನಡಾಗಳಿಂದ ಚರ್ಚಿನ ತಂಡಗಳು ಬಂದವು. ಕೆಲವು ಮನೆಗಳನ್ನು ಈ ತಂಡಗಳು ಕಟ್ಟಿದವು, ಕೆಲವನ್ನು ಸ್ಥಳೀಯ ಸಂಸ್ಥೆಗಳೇ ಕಟ್ಟಿಸಿದವು. ಎರಡೂ ಬಗೆಯ ಮನೆಗಳಲ್ಲಿ ವಾಸವಾಗಿರುವವರನ್ನೂ, ಬಂದುಹೋದ ಸ್ವಯಂಸೇವಕರನ್ನೂ ವೆರ್ ಬೀಕ್ ವಿಚಾರಿಸಿದರು. ಅಧ್ಯಯನ 2006ರಲ್ಲಿ ಪ್ರಕಟವಾಯಿತು.

ಅದರಲ್ಲಿನ ಲೆಕ್ಕ ನನ್ನಂಥ ವಾಣಿಜ್ಯಶಾಸ್ತ್ರದವನ ನಿದ್ದೆ ಕೆಡಿಸುವಂಥದ್ದು. ವಿಮಾನದ ಟಿಕೀಟು, ಊಟ, ವಸತಿ ಎಲ್ಲ ಸೇರಿ ಒಂದು ತಂಡ ಒಂದು ಮನೆ ಕಟ್ಟಲು ಮಾಡಿದ ಖರ್ಚು ಸುಮಾರು 30,000 ಡಾಲರ್. ಅದೇ ಮನೆಯನ್ನು ಸ್ಥಳೀಯ ಸಂಸ್ಥೆ ಸುಮಾರು 2,000 ಡಾಲರಿಗೆ ಕಟ್ಟಿಸುತ್ತಿತ್ತು. ಭಾಗಿಸಿ ನೋಡಿ, ಒಂದು ಮನೆಯ ದುಡ್ಡಿನಲ್ಲಿ ಹದಿನೈದು ಮನೆ. ಜೊತೆಗೆ ಹದಿನೈದು ಮನೆಯ ಗಾರೆಯವರಿಗೆ, ಬಡಗಿಗಳಿಗೆ ಕೂಲಿ. ಚಂಡಮಾರುತದಲ್ಲಿ ಕೆಲಸವನ್ನೂ ಕಳೆದುಕೊಂಡ ಊರಿನಲ್ಲಿ ಕರಣೆ ಹಿಡಿದು ಗೊತ್ತಿಲ್ಲದ ಹುಡುಗರು ಗೋಡೆ ಎತ್ತುತ್ತಿದ್ದರೆ, ಕಸುಬು ಬಲ್ಲ ಗಾರೆಯವನು ಏನು ಮಾಡಬೇಕು? ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಇಲ್ಲಿ ಕೆಸರೂ ಅವನ ಕೈಗೆ ಸಿಗಲಿಲ್ಲ.

ಮನೆ ಪಡೆದವರಿಗೆ ಬಂದವರ ಮೇಲೆ ಸಿಟ್ಟಿರಲಿಲ್ಲ. ಅಷ್ಟು ದೂರದಿಂದ ಬಂದರಲ್ಲ ಎಂಬ ಸಂತೋಷವೂ ಇತ್ತು. ಆದರೆ ಹೀಗೆ ಬರುವುದೋ, ಅದೇ ದುಡ್ಡಿನಲ್ಲಿ ಇನ್ನಷ್ಟು ಮನೆ ಕಟ್ಟುವುದೋ ಅಂತ ಕೇಳಿದಾಗ ಅವರ ಒಲವು ಇನ್ನಷ್ಟು ಮನೆಗಳ ಕಡೆಗೇ. ತಮಗೆ ಸಿಕ್ಕಾಗಿತ್ತು, ಸಿಗದಿದ್ದ ಪಕ್ಕದವರಿಗಾಗಿ ಹೇಳಿದ ಮಾತು ಅದು. ಇನ್ನು ಸ್ವಯಂಸೇವಕರು ನಮ್ಮ ಬದುಕೇ ಬದಲಾಯಿತು, ದಾನಧರ್ಮ ಹೆಚ್ಚಿತು ಅಂದರು. ಆಶ್ರಯ ಕೊಟ್ಟ ಸಂಸ್ಥೆಯ ದಾನದ ದಾಖಲೆ ತೆಗೆದು ನೋಡಿದರೆ ಅಂಥ ಹೆಚ್ಚಳ ಕಾಣಲಿಲ್ಲ. ಮಾತನ್ನು ಖಾತೆ ಪುಸ್ತಕದ ಜೊತೆ ತಾಳೆ ನೋಡಿದ ಈ ಕ್ರಮವೇ ಅಧ್ಯಯನದ ದೊಡ್ಡ ಗುಣ.

ಇದಕ್ಕೂ ಮಿತಿ ಇದೆ. ಒಂದೇ ದೇಶ, ಒಂದೇ ವಿಪತ್ತು. ಎಲ್ಲ ಯಾತ್ರೆಗಳಿಗೂ ಅನ್ವಯಿಸಲಾಗದು. ಇನ್ನೊಂದು ಆಕ್ಷೇಪ ಮುಖ್ಯವಾದದ್ದು. ಆ 30,000 ಡಾಲರ್ ಮನೆ ಕಟ್ಟಲು ಅಂತ ಎಲ್ಲೋ ಇಟ್ಟಿದ್ದ ಠೇವಣಿಯಲ್ಲ. ಪಕ್ಕದ ಮನೆಯ ಹುಡುಗಿ ಹೋಗುತ್ತಾಳೆ ಅಂತ ನೆರೆಯವರು ಕೊಟ್ಟದ್ದು. ಅವಳು ಹೋಗದಿದ್ದರೆ ಹದಿನೈದು ಮನೆಯಲ್ಲ, ಒಂದೂ ಇಲ್ಲ ಎಂದು ಯಾತ್ರೆಯ ಪರವಾಗಿರುವವರು ಹೇಳಬಹುದು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಒಪ್ಪಿದರೆ ಮತ್ತೊಂದನ್ನೂ ಒಪ್ಪಬೇಕು. ಅದರ ಬಹುಪಾಲು ಆ ಹುಡುಗಿಯ ಲೋಕಾನುಭವಕ್ಕೆ ಆದ ಖರ್ಚು. ಲೋಕಾನುಭವ ಒಳ್ಳೆಯದೇ, ಬೇಡ ಅಂದವರಾರು? ಅದನ್ನು ಅದರ ಖಾತೆಯಲ್ಲೇ ಬರೆಯಿರಿ. ಬಡವನ ಹೆಸರಿಗೆ ಖರ್ಚು ಹಾಕಿ ಅವನನ್ನು ಋಣಿಯಾಗಿಸುವುದು ಲೆಕ್ಕದಲ್ಲಿ ಸುಳ್ಳು ಬರೆದಂತೆ.

ಮೂರನೆಯದು 2009ರಲ್ಲಿ ಬಂದ 'ವೆನ್ ಹೆಲ್ಪಿಂಗ್ ಹರ್ಟ್ಸ್' ಪುಸ್ತಕ. ಬರೆದವರು ಸ್ಟೀವ್ ಕಾರ್ಬೆಟ್ ಮತ್ತು ಬ್ರಯನ್ ಫಿಕರ್ಟ್. ಚರ್ಚಿನವರಿಗಾಗಿ ಚರ್ಚಿನವರೇ ಬರೆದದ್ದು, ಅಮೆರಿಕದಲ್ಲಿ ಬಹಳ ಓದಿಸಿಕೊಂಡಿದೆ. ಪರಿಹಾರ, ಪುನರ್ವಸತಿ, ಅಭಿವೃದ್ಧಿ ಈ ಮೂರನ್ನೂ ಬೇರೆಬೇರೆಯಾಗಿ ನೋಡಬೇಕು ಅನ್ನುವುದು ಅವರ ಮುಖ್ಯ ಸೂತ್ರ. ನೆರೆ ಬಂದ ವಾರದಲ್ಲಿ ಅನ್ನ ಹಂಚಬೇಕು. ಎರಡು ವರ್ಷದ ಮೇಲೂ ಅನ್ನವನ್ನೇ ಹಂಚಿದರೆ ಅದು ಅಪಕಾರ. ಬಡತನ ಅಂದರೆ ವಸ್ತುಗಳಿಲ್ಲದಿರುವುದು ಮಾತ್ರವಲ್ಲ, ನನ್ನಿಂದ ಏನೂ ಆಗದು ಎಂಬ ಕೀಳರಿಮೆ ಕೂಡ. ಕೊಡುವವನ ಹಮ್ಮು ಅದನ್ನು ಹೆಚ್ಚಿಸುತ್ತದೆ ಎಂದೂ ಹೇಳುತ್ತಾರೆ. ತುಂಬಾ ಸರಿ. ಪುಸ್ತಕದ ದೋಷವೆಂದರೆ ಉದ್ದಕ್ಕೂ ಕೊಡುವವನ ಅಂತರಂಗದ ಪರೀಕ್ಷೆಯೇ ದೊಡ್ಡದಾಗಿ, ಪಡೆಯುವವನು ಮತ್ತೆ ಒಂದು ಉದಾಹರಣೆಯಾಗಿ ಉಳಿದುಬಿಡುತ್ತಾನೆ.

ಈಗ ನಮ್ಮ ಕಡೆಗೆ ಬರೋಣ. ಮಿಷನ್ ಅಂದರೆ ಕನ್ನಡಿಗರಿಗೆ ನೆನಪಾಗುವುದು ಬೇರೆಯೇ ಜನ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಹರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದರು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ ಅವರ ನಿಘಂಟು ಅಚ್ಚಾದದ್ದು 1894ರಲ್ಲಿ, ನಲವತ್ತೊಂದು ವರ್ಷದ ಮೇಲೆ. ಮತಾಂತರವಾಗಿ ಜಾತಿಯಿಂದ ಹೊರಬಿದ್ದವರಿಗೆ ಹೊಟ್ಟೆಗೇನು ಎಂಬ ಪ್ರಶ್ನೆ ಎದುರಾದಾಗ ನೇಯ್ಗೆ, ಹೆಂಚಿನ ಕಾರ್ಖಾನೆಗಳನ್ನು ತೆರೆದರು. ಅವರನ್ನು ಹೊಗಳುವುದಕ್ಕೆ ಇದನ್ನು ಹೇಳುತ್ತಿಲ್ಲ. ಬಂದದ್ದು ಮತ ಹರಡಲು, ಬ್ರಿಟಿಷರ ಆಡಳಿತದ ನೆರಳಿನಲ್ಲಿ. ಆದರೂ ತಾವು ಮಾಡಿದ್ದರ ಪರಿಣಾಮ ನೋಡುವಷ್ಟು ಕಾಲ ಇದ್ದರು. ತಪ್ಪಾದರೆ ಬೈಯುವುದಕ್ಕೆ ಊರವರಿಗೆ ಸಿಗುತ್ತಿದ್ದರು, ಕನ್ನಡದಲ್ಲೇ ಬೈಯಬಹುದಿತ್ತು. ಎರಡು ವಾರದವರು ಸಿಗುವುದಿಲ್ಲ.

ಇದು ಬರೀ ಚರ್ಚಿನವರ ಕಾಯಿಲೆಯೂ ಅಲ್ಲ. 2009ರಲ್ಲಿ ಉತ್ತರ ಕರ್ನಾಟಕದಲ್ಲಿ ನೆರೆ ಬಂದಾಗ ಸರ್ಕಾರದ 'ಆಸರೆ' ಯೋಜನೆಯಲ್ಲಿ ದಾನಿಗಳ ನೆರವಿನಿಂದ ಸಾವಿರಾರು ಮನೆ ಎದ್ದವು. ಕೆಲವು ಕಡೆ ಜನ ಅಲ್ಲಿಗೆ ಹೋಗಲು ಒಪ್ಪಲಿಲ್ಲ. ಹೊಲ ದೂರವಾಯಿತು, ದನ ಕಟ್ಟಲು ಜಾಗವಿಲ್ಲ, ಕಾಳು-ಕಡಿ ಇಡುವುದೆಲ್ಲಿ ಎಂಬ ತಕರಾರು. ಎಲ್ಲವೂ ಕಟ್ಟುವ ಮೊದಲೇ ಕೇಳಬಹುದಾಗಿದ್ದ ಪ್ರಶ್ನೆಗಳು. ಹೊರನಾಡಿನ ಸಂಘಗಳಿಂದ ಊರಿಗೆ ನೆರವು ತರುವ ನಮಗೂ ಈ ಎಚ್ಚರ ಬೇಕು. ಊರು ಬಿಟ್ಟು ಮೂವತ್ತು ವರ್ಷವಾದವನು ಊರಿಗೆ ಏನು ಬೇಕು ಅಂತ ತಾನೇ ಹೇಳಿದರೆ, ಅವನಿಗೂ ಆ ಅಮೆರಿಕದ ಹುಡುಗರಿಗೂ ವ್ಯತ್ಯಾಸ ಎಷ್ಟು? ಭಾಷೆ ಬರುತ್ತದೆ ಅನ್ನುವುದೊಂದೇ.

ಇಲಿಚ್ ಹೇಳಿದಂತೆ ಯಾರೂ ಎಲ್ಲಿಗೂ ಹೋಗಬಾರದು ಅಂತ ನಾನು ಹೇಳಲಾರೆ. ಸಾಲದ ಅರ್ಜಿ ಬಂದಾಗ ಶಾಖೆಯಲ್ಲಿ ನಾವು ಕೇಳುತ್ತಿದ್ದ ಮಾಮೂಲಿ ಪ್ರಶ್ನೆಗಳನ್ನು ಇಲ್ಲೂ ಕೇಳಿದರೆ ಸಾಕು. ಇದನ್ನು ಬೇಕು ಅಂತ ಕೇಳಿದವರು ಯಾರು? ಅದೇ ಕೆಲಸಕ್ಕೆ ಆ ಊರಿನ ಗಾರೆಯವನು ಎಷ್ಟು ತೆಗೆದುಕೊಳ್ಳುತ್ತಾನೆ? ಒಂದು ವರ್ಷವಾದ ಮೇಲೆ ತಪಾಸಣೆಗೆ ಹೋಗುವವರು ಯಾರು, ಮತ್ತು ಮನೆಯೊಡತಿ ಹೇಳಿದ್ದು ಅವರಿಗೆ ದುಭಾಷಿಯಿಲ್ಲದೆ ಅರ್ಥವಾಗುತ್ತದೆಯೇ? ಮೂರಕ್ಕೂ ಉತ್ತರವಿದ್ದ ತಂಡ ಧಾರಾಳವಾಗಿ ಹೋಗಲಿ. ಇಲ್ಲದವರು ಪ್ರವಾಸಿಗಳಾಗಿ ಹೋಗಿ, ಊರು ನೋಡಿ, ಊಟಕ್ಕೂ ವಸತಿಗೂ ಸರಿಯಾದ ದುಡ್ಡು ಕೊಟ್ಟು ಬರಲಿ. ಆ ದುಡ್ಡು ಪಡೆಯುವ ಮನೆಯವರು ಯಾರಿಗೂ ಕೈಮುಗಿದು ನಿಲ್ಲಬೇಕಾಗಿಲ್ಲ.