ಹಳೆಯ ಛಾಯಾಚಿತ್ರಗಳೂ ನಮ್ಮ ಪೇಟೆಬೀದಿಗಳೂ

ಕಳೆದ ಶತಮಾನದ ನಡುಗಾಲದ ಬೀದಿಚಿತ್ರಗಳ ಮೇಲೆ ಜನರಿಗೆ ಈಚೆಗೆ ಬಲವಾದ ಮೋಹ ಹುಟ್ಟಿರುವುದನ್ನು ನಾವು ಕಾಣುತ್ತಿದ್ದೇವೆ. ಚಾಮರಾಜನಗರ, ಗುಂಡ್ಲುಪೇಟೆಗಳ ಕೆಲವು ಉಪಾಹಾರಗೃಹಗಳ ಗೋಡೆಗಳ ಮೇಲೂ ಅಂಥವು ಕಟ್ಟು ಹಾಕಿಸಿಕೊಂಡು ಕುಳಿತಿವೆ: ಜಟಕಾ ಬಂಡಿ, ಬೈಸಿಕಲ್ಲು, ಕೊಡೆ ಹಿಡಿದ ಹಿರಿಯರು, ಸಂದಣಿಯಿಲ್ಲದ ಅಗಲ ರಸ್ತೆ. ನೋಡಿದವರು ‘ಆ ಕಾಲವೇ ಕಾಲ’ ಎಂದು ನಿಟ್ಟುಸಿರಿಡುತ್ತಾರೆ. ಆದರೆ ಆ ಚಿತ್ರಗಳಲ್ಲಿರುವುದು ಮೈಸೂರಿನ ದೇವರಾಜ ಮಾರುಕಟ್ಟೆ, ದೊಡ್ಡ ಗಡಿಯಾರ, ಬೆಂಗಳೂರಿನ ದಂಡಿನ ಬೀದಿಗಳು. ನಮ್ಮೂರ ನೆನಪೆಂದು ನಾವು ಕೊಂಡಾಡುತ್ತಿರುವುದು ನೆರೆಯೂರಿನಿಂದ ಎರವಲು ತಂದ ನೆನಪು.

ಹಾಗೆಂದು ಈ ಸೀಮೆಗೆ ಕ್ಯಾಮರಾ ಅಪರಿಚಿತವಾಗಿರಲಿಲ್ಲ. ಮೈಸೂರು ಪುರಾತತ್ತ್ವ ಇಲಾಖೆಯು ಆರ್. ನರಸಿಂಹಾಚಾರ್, ಎಂ. ಎಚ್. ಕೃಷ್ಣ ಇವರ ಕಾಲದಲ್ಲಿ ಹೊರತಂದ ವಾರ್ಷಿಕ ವರದಿಗಳ ಚಿತ್ರಫಲಕಗಳು ಇಂದಿಗೂ ಬೆಲೆಯುಳ್ಳವು. ಆದರೆ ಕಂಬ, ಶಿಖರ, ವಿಗ್ರಹಗಳನ್ನು ಸ್ಪಷ್ಟವಾಗಿ ತೋರಿಸಬೇಕಾದಲ್ಲಿ ಮನುಷ್ಯರು ಅಡ್ಡಿಯೇ ಸರಿ. ನೆರೆಯ ಕಾಕನಕೋಟೆಯಲ್ಲಿ 1971ರವರೆಗೆ ನಡೆದ ಖೆಡ್ಡಾಗಳ ಚಿತ್ರಗಳಿಗಂತೂ ಬರವಿಲ್ಲ. ಮೈಸೂರಿನಿಂದ ಉದಕಮಂಡಲಕ್ಕೆ ಹೋಗುವವರಿಗೆ ಗುಂಡ್ಲುಪೇಟೆ ದಾರಿಯ ಮೇಲಿನ ಊರು. ಅವರ ಕ್ಯಾಮರಾ ಬಂಡೀಪುರದಲ್ಲಿ ಹೊರಬರುತ್ತಿತ್ತೇ ಹೊರತು ಪೇಟೆಯಲ್ಲಿ ಬರಲು ಕಾರಣವಿರಲಿಲ್ಲ. ಊರಿನವರ ಪಾಡೇನು? 120ರ ಅಳತೆಯ ಒಂದು ಸುರುಳಿಗೆ ಚೌಕಾಕಾರದ ಚಿತ್ರಗಳು ಹನ್ನೆರಡು. ದಿನಬೆಳಗಾದರೆ ಕಾಣುವ ಅಂಗಡಿಸಾಲಿಗೆ ಅದರಲ್ಲೊಂದನ್ನು ಯಾರು ವ್ಯಯಿಸಿಯಾರು? ಮೈಸೂರಿನ ಟಿ. ಎಸ್. ಸತ್ಯನ್ (1923–2009) ಸಾಮಾನ್ಯರ ಬಾಳಿನ ಕಡೆಗೆ ಕಣ್ಣು ತಿರುಗಿಸಿದವರು. ಅಂಥ ಕಣ್ಣು ಪ್ರತಿ ತಾಲ್ಲೂಕು ಪೇಟೆಗೂ ದೊರೆಯುವುದುಂಟೆ?

ಬೀದಿಯೇ ಚಿತ್ರಕ್ಕೆ ಬರುವ ದಿನವೊಂದಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು 1826ರಲ್ಲಿ ಕಟ್ಟಿಸಿದ ಚಾಮರಾಜೇಶ್ವರ ದೇವಾಲಯದ ರಥೋತ್ಸವ ನಡೆಯುವುದು ಆಷಾಢದಲ್ಲಿ; ಹೊಸದಾಗಿ ಮದುವೆಯಾದವರು ಜೋಡಿಯಾಗಿ ಬಂದು ತೇರಿಗೆ ಹಣ್ಣು ದವನ ಎಸೆಯುತ್ತಾರೆ. ತೇರಿನ ಚಿತ್ರ ತೆಗೆದವನು ತಿಳಿಯದೆಯೇ ಜನರನ್ನೂ ಮನೆಗಳ ಜಗಲಿಗಳನ್ನೂ ಹಿಡಿದಿರುತ್ತಾನೆ. ಆ ಹಳೆಯ ರಥ 2017ರಲ್ಲಿ ಬೆಂಕಿಗೆ ಆಹುತಿಯಾಯಿತು. 2022ರಲ್ಲಿ ಹೊಸದು ಬೀದಿಗಿಳಿಯಿತು. ಹಳೆಯದನ್ನು ಈಗ ಚಿತ್ರಗಳಲ್ಲಿಯೇ ಕಾಣಬೇಕು. ಅದರ ಸುತ್ತಲಿನ ಬೀದಿಯೂ ಅಲ್ಲಿಯೇ ಉಂಟೆಂಬುದನ್ನು ಗಮನಿಸಿದವರು ವಿರಳ.

ಇನ್ನೊಂದು ಮಾತನ್ನು ಮರೆಮಾಚುವಂತಿಲ್ಲ. ಗೋಡೆಯ ಚಿತ್ರದಲ್ಲಿ ಹೋಟೆಲಿನ ಹೊರಮುಖ ಕಾಣುತ್ತದೆ. ಒಳಗೆ ಯಾರಿಗೆ ಪ್ರವೇಶವಿತ್ತು, ಯಾರು ಹೊರಗೆ ನಿಂತು ಬೇರೆ ಲೋಟದಲ್ಲಿ ಕುಡಿಯಬೇಕಾಗಿತ್ತು ಎಂಬುದು ಕಾಣುವುದಿಲ್ಲ. ಅಸ್ಪೃಶ್ಯತಾ ಅಪರಾಧಗಳ ಅಧಿನಿಯಮ ಬಂದದ್ದು 1955ರಲ್ಲಿ, ಎಂದರೆ ಈ ನಿಟ್ಟುಸಿರಿನ ಕಾಲದ ನಟ್ಟನಡುವೆ. ಅಂಥದೊಂದು ಕಾನೂನು ಬೇಕಾಗಿದ್ದ ಬೀದಿ ಎಲ್ಲರಿಗೂ ಒಂದೇ ಬಗೆಯಲ್ಲಿ ಚೆನ್ನಾಗಿತ್ತೆನ್ನುವುದನ್ನು ಇತಿಹಾಸದ ವಿದ್ಯಾರ್ಥಿ ಒಪ್ಪಲಾರ.

ಹಾಗಾದರೆ ನಮ್ಮ ಬೀದಿಗಳು ಉಳಿದಿರುವುದೆಲ್ಲಿ? ಮನೆಗಳ ಟ್ರಂಕಿನಲ್ಲಿ, ಮದುವೆಯ ಗುಂಪುಚಿತ್ರಗಳ ಅಂಚಿನಲ್ಲಿ. ಗುಂಡ್ಲುಪೇಟೆಯ ಒಂದು ಮನೆಯಲ್ಲಿ ಅಂಥದೊಂದನ್ನು ನಮಗೆ ತೋರಿಸಿದರು. ಬಾಗಿಲ ಮುಂದೆ ಬೆಂಚು ಹಾಕಿ ಹದಿನೈದು ಮಂದಿ ಕುಳಿತಿದ್ದಾರೆ. ಎಡಕ್ಕೆ ಪಕ್ಕದ ಅಂಗಡಿಯ ಹಲಗೆಬಾಗಿಲು, ಅರ್ಧ ಕಾಣುವ ನಾಮಫಲಕ, ಮೂಕಿ ನೆಲಕ್ಕೆ ಊರಿದ ಎತ್ತಿನ ಗಾಡಿ. ಬಲತುದಿಯಲ್ಲಿ, ಯಾರೂ ಕರೆಯದೆ ಬಂದು ನಿಂತ, ಅಂಗಿಯಿಲ್ಲದ ಹುಡುಗ. ಮದುಮಗನ ಮೊಮ್ಮಗಳಿಗೆ ಹೆಸರು ತಿಳಿಯದೆ ಇದ್ದವನು ಅವನೊಬ್ಬನೇ. ನಾವು ಅದನ್ನು ನಕಲು ಮಾಡಿಕೊಳ್ಳಲು ಅನುಮತಿ ಪಡೆದು ಬಂದೆವು.

ಎರಡು ತಿಂಗಳ ಮೇಲೆ ಹೋದಾಗ ಗೋಡೆಯ ಮೇಲೆ ಹೊಸ ಪ್ರತಿ ಇತ್ತು. ದೊಡ್ಡದು ಮಾಡಿಸಿ, ಬಣ್ಣ ಹಾಕಿಸಿ, ಅಂಚುಗಳನ್ನು ಕತ್ತರಿಸಿದ್ದರು. ಹದಿನೈದು ಮಂದಿಯೂ ಕ್ಷೇಮ. ಅಂಗಡಿ, ಗಾಡಿ, ಹುಡುಗ ಯಾವುದೂ ಇಲ್ಲ. ಮೂಲಪ್ರತಿಯನ್ನು ಕೇಳಿದೆವು. ಗೆದ್ದಲು ಹಿಡಿದಿತ್ತು, ಹೊಸದು ಬಂತಲ್ಲ ಎಂದು ಹಳೆಯ ಕಾಗದಗಳ ಜೊತೆಗೆ ಹಾಕಿಬಿಟ್ಟೆವು, ಎಂದರು. ಕಾಫಿ ಕುಡಿದು ಹೋಗಬೇಕೆಂದು ಬಲವಂತ ಮಾಡಿದರು.